ಬೆಳಗಾದರೆ ಸಾಯುವ ಜಾಹೀರಾತು

ಇಕ್ಕಳ ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು!

ಅದನ್ನು ಹಿಡಿದಿದ್ದ ತೋಳು ನನ್ನ ತೊಡೆಗಿಂತ ದಪ್ಪ. ಬೆನ್ನ ಹಿಂದೆ ಅಂಗಡಿಯ ಷಟರ್ ಅರ್ಧಕ್ಕೆ ಇಳಿದಿತ್ತು. ಗೋಡೆಯ ತುಂಬ ಕೀಲಿಗಳು ತೂಗುತ್ತಿದ್ದವು... ಆ ಗಳಿಗೆಯಲ್ಲಿ ನನಗೆ ಉಪಕಾರವಾಗುವಂಥದ್ದು ಒಂದೂ ಇರಲಿಲ್ಲ.

"ಯಾರು ಕಳಿಸಿದ್ದು ನಿನ್ನ?"

ಕೇಳಿದವನು ಇಕ್ಕಳದ ಭೀಮಕಾಯನಲ್ಲ. ಅವನ ಹಿಂದೆ ಕುರ್ಚಿಯಲ್ಲಿ ಕುಳಿತು, ಬನ್ನನ್ನು ಚಹಾಕ್ಕೆ ಅದ್ದಿ ತಿನ್ನುತ್ತಿದ್ದ ಯಜಮಾನ. ಬೀಗ ತೆಗೆಯುವುದರಲ್ಲಿ ಪಳಗಿದ ಕೈ. ಬಡಾವಣೆಯವರು ಅವನನ್ನು ಕರೆಯುವುದೇ 'ಮಾಸ್ಟರ್‌ಕೀ' ಎಂದು.

"ಹಿಂದಿನ ರಸ್ತೆ ಬೀಗದಂಗಡಿ ಅಕ್ಕ," ಎಂದೆ.

"ಯಾಕೆ?"

"ಅವರ ಜಾಹೀರಾತನ್ನ ಯಾರೋ ಕೊಲ್ತಾ ಇದಾರೆ. ದಿನಾ ಬೆಳಿಗ್ಗೆ!"

ಮಾಸ್ಟರ್‌ಕೀ ಬನ್ನನ್ನು ಕೆಳಗಿಟ್ಟ. ಅದು ಒಳ್ಳೆಯ ಲಕ್ಷಣವಲ್ಲ.

ಕತೆ ಇಲ್ಲಿಗೆ ಬಂದದ್ದು ಹೇಗೆಂದು ಹೇಳಿಬಿಡುತ್ತೇನೆ, ಕೇಳಿ. ಕಳೆದುಹೋದ ಗಂಡಂದಿರನ್ನು ಹುಡುಕಿಕೊಡುವ ಪತ್ತೇದಾರರಿದ್ದಾರೆ. ನಾನು ಹುಡುಕುವುದು ಕಳೆದುಹೋದ ಗಿರಾಕಿಗಳನ್ನು. ಇಂಟರ್‌ನೆಟ್ಟಿನಲ್ಲಿ ಕೊಟ್ಟ ಜಾಹೀರಾತು ಫಲ ಕೊಡದೆ ಹೋದಾಗ ಜನ ನನ್ನ ಬಾಗಿಲು ತಟ್ಟುತ್ತಾರೆ.

ಈ ಸಲ ತಟ್ಟಿದವರು ಅಕ್ಕ ಮತ್ತು ತಮ್ಮ. ತಂದೆ ಬಿಟ್ಟುಹೋದ ಬೀಗದ ಅಂಗಡಿಯನ್ನು ನಡೆಸುವವರು. ಅಂಗಡಿಯ ಹಿಂದೆಯೇ ಮನೆ, ಮನೆಯಲ್ಲಿ ತಾಯಿ. ಜಾಹೀರಾತಿಗೆಂದು ಇಟ್ಟಿದ್ದು ಒಂದೇ ಗಂಟು. ಅದು ಸರ್ಚ್‌ಗೋ, ಸೋಷಿಯಲ್ ಮೀಡಿಯಾಕ್ಕೋ ಎಂಬುದೇ ಯುದ್ಧ!

"ಕೀಲಿ ಒಳಗೇ ಬಿಟ್ಟು ಹೊರಗೆ ನಿಂತವನು ಮೊದಲು ಏನ್ಮಾಡ್ತಾನೆ? ಹುಡುಕ್ತಾನೆ ಕಣೋ!" ಅಕ್ಕ ಅಂದಿದ್ದಳು. "ನಿನ್ನ ಡ್ಯಾನ್ಸ್ ನೋಡ್ತಾ ನಿಲ್ತಾನಾ?"

"ಡ್ಯಾನ್ಸ್ ಅಲ್ಲ ಅಕ್ಕ, ವಿಡಿಯೋ. ಹಾಡಿನ ತಾಳಕ್ಕೆ ಸರಿಯಾಗಿ ಬೀಗ ತೆಗೀತೀನಿ. ಎಷ್ಟು ಜನ ಹಾರ್ಟ್ ಕೊಟ್ಟಿದಾರೆ ನೋಡು!"

"ಅದರಲ್ಲಿ ಒಬ್ಬನಾದ್ರೂ ಫೋನ್ ಮಾಡಿದಾನಾ?"

"ಒಬ್ಬಳು ಮಾಡಿದ್ಲು."

"ಬೀಗಕ್ಕಾ?"

ತಮ್ಮ ಛಾವಣಿಯತ್ತ ನೋಡಿದ.

ಅಕ್ಕ ಹಟ ಹಿಡಿದು ಸರ್ಚ್‌ಗೇ ಹಣ ಹಾಕಿದ್ದಳು. ಹುಡುಕಿದವರ ಪರದೆಯಲ್ಲಿ ಎಲ್ಲಕ್ಕಿಂತ ಮೇಲೆ ಕಾಣುವ ಆ ಜಾಹೀರಾತಿನ ಧರ್ಮ ಕಠಿಣ. ಯಾರಾದರೂ ಒತ್ತಿದಾಗಲೆಲ್ಲ ಮಾಲೀಕನ ಹಣ ಕರಗುತ್ತದೆ. ದಿನದ ಪಾಲು ಮುಗಿದರೆ ಮರುದಿನದವರೆಗೆ ಅದು ಅದೃಶ್ಯ. ಅಕ್ಕನ ಜಾಹೀರಾತು ತಿಂಡಿಯ ಹೊತ್ತಿಗೇ ಅದೃಶ್ಯವಾಗುತ್ತಿತ್ತು. ಒತ್ತುವವರು ಧಾರಾಳ... ಕರೆ ಮಾಡುವವರು ಸೊನ್ನೆ!

"ಈ ವಾರ ಒಂದಾದ್ರೂ ಕರೆ ಬರದಿದ್ರೆ ಅಂಗಡಿ ಮುಚ್ತೀನಿ ಸರ್," ಎಂದಿದ್ದಳು ಅಕ್ಕ, ಧ್ವನಿ ತಗ್ಗಿಸಿ. "ಮಾಸ್ಟರ್‌ಕೀ ಹೇಳಿ ಕಳಿಸಿದಾನೆ, ಅವನಂಗಡೀಲಿ ಕೂತು ಕೀಲಿ ಉಜ್ಜು ಅಂತ. ಅಪ್ಪನ ಹತ್ತಿರ ಕೆಲಸ ಕಲಿತವನು ಅವನು!"

ಬಳಿಕ ನಾನು ಎಲ್ಲಿಗೆ ಹೋಗಬೇಕಿತ್ತೆಂದು ಬೇರೆ ಹೇಳಬೇಕೆ?

ಮಾಸ್ಟರ್‌ಕೀ ಎದ್ದು ಹತ್ತಿರ ಬಂದ. ಬಾಯಲ್ಲಿ ಚಹಾದ ವಾಸನೆ. ಕಣ್ಣಲ್ಲಿ... ದಿಗಿಲು?

"ನಾನು ಒತ್ತಿಲ್ಲ ಮಾರಾಯ. ಯಾಕೆ ಒತ್ತಲಿ? ಅವಳ ಜಾಹೀರಾತು ತಾನಾಗೇ ಮಾಯ ಆಗತ್ತೆ, ನಾನು ಕೂತು ಬನ್ನು ತಿಂತೀನಿ. ನನಗೇ ಭಯ ಹತ್ತಿದೆ! ನಾಳೆ ಆ ಪೀಡೆ ನನ್ನ ಮೇಲೆ ತಿರುಗಿದ್ರೆ?"

ಸುಳ್ಳುಗಾರರನ್ನು ಬೇಕಾದಷ್ಟು ಕಂಡಿದ್ದೇನೆ. ಅವರಾರೂ ಇಷ್ಟು ಬೆವರುವುದಿಲ್ಲ.

ಆದರೂ ಇಕ್ಕಳವಂತೂ ಅಲ್ಲೇ ಇತ್ತು. ನಾನು ಬಗ್ಗಿದೆ. ಷಟರಿನ ಕೆಳಗೆ ಉರುಳಿದೆ. ಓಡಿದೆ!

ಹಿಂದೆ ಧಡ ಧಡ ಹೆಜ್ಜೆ. "ಏಯ್! ನಿಲ್ಲಿ!"

ನಿಲ್ಲುವವನು ಓಡುವುದೇಕೆ? ಒಗೆದ ಬಟ್ಟೆಗಳ ಸಾಲಿನಲ್ಲಿ ನುಗ್ಗಿದೆ. ಯಾರದೋ ಲಂಗ ತಲೆಗೆ ಸುತ್ತಿಕೊಂಡಿತು. ಕುರುಡನಂತೆ ಹತ್ತು ಮಾರು ಓಡಿ ಒಂದು ಕಾಂಪೌಂಡನ್ನು ಅಪ್ಪಿಕೊಂಡೆ. ಹತ್ತಲು ಕಾಲೆತ್ತಿದೆ... ಭುಜದ ಮೇಲೆ ಕೈ ಬಿತ್ತು!

ಭೀಮಕಾಯ ನನ್ನ ತಲೆಯ ಮೇಲಿನ ಲಂಗವನ್ನು ಮರ್ಯಾದೆಯಿಂದ ತೆಗೆದು, ಮಡಿಸಿ, ಗೋಡೆಯ ಮೇಲಿಟ್ಟ. ಇನ್ನೊಂದು ಕೈ ಚಾಚಿದ. ಅದರಲ್ಲಿ ನನ್ನ ಫೋನು!

"ಅಂಗಡೀಲೇ ಬಿಟ್ಟು ಬಂದ್ರಿ," ಎಂದ ಏದುಸಿರಿನಲ್ಲಿ. "ನಿಮ್ಮ ಅಮ್ಮಂದು ಮೆಸೇಜ್ ಮೇಲೆ ಮೆಸೇಜು. ಏನೋ ಒತ್ತಬೇಕಂತೆ. ಪಾಪ, ಒತ್ತಿಬಿಡಿ."

ನನ್ನ ಅಮ್ಮನಿಗೆ ಮೆಸೇಜು ಮಾಡಲು ಬರುವುದಿಲ್ಲ.

ಪರದೆ ನೋಡಿದೆ. ಕಳಿಸಿದವರ ಹೆಸರಿನ ಜಾಗದಲ್ಲಿ 'ಅಮ್ಮ' ಎಂದಷ್ಟೇ ಇತ್ತು. ಹಿಂದಿನ ದಿನ ಅಂಗಡಿಗೆ ಹೋದಾಗ ಅಕ್ಕನ ತಾಯಿ ಚಹಾ ಕೊಟ್ಟು, ಅಕ್ಕರೆಯಿಂದ ನಂಬರು ಪಡೆದಿದ್ದರು. ಹೇಳದೆ ಕೇಳದೆ ನನ್ನನ್ನು ಅವರ ಕುಟುಂಬದ ಗ್ರೂಪಿಗೆ ಸೇರಿಸಿದ್ದರು! ಅಲ್ಲಿ, ಹೂವಿನ ಚಿತ್ರದ ಕೆಳಗೆ:

"ಎಲ್ಲರೂ ಎದ್ದಿರಾ? ನಮ್ಮ ಅಂಗಡಿ ಮೇಲ್ಗಡೆ ಬಂದಿದೆ. ಮರೀದೆ ಒತ್ತಿ."

ಕೆಳಗೆ ಉತ್ತರಗಳ ಪ್ರವಾಹ. ದೊಡ್ಡಮ್ಮ: ಒತ್ತಿದೆ. ಚಿಕ್ಕಪ್ಪ: ಒತ್ತಿದೆ. ಸೋದರತ್ತೆ: ನಾನೂ ನಮ್ಮವರೂ ಒತ್ತಿದ್ವಿ. ಬೀಗರು: ವಾಕಿಂಗಿನಲ್ಲಿದ್ದೇವೆ, ಬಂದು ಒತ್ತುತ್ತೇವೆ.

ಬೇರೆ ಬೇರೆ ಮನೆ. ಬೇರೆ ಬೇರೆ ಫೋನು. ಕಳ್ಳ ಒತ್ತುಗಳನ್ನು ಹಿಡಿಯುವ ಯಂತ್ರಕ್ಕೂ ಅನುಮಾನ ಬಾರದ ವ್ಯವಸ್ಥಿತ ಹತ್ಯೆ!

ಅರ್ಧ ಗಂಟೆಯಲ್ಲಿ ಅವರ ಅಡುಗೆಮನೆಯಲ್ಲಿದ್ದೆ. ಅಪರಾಧಿ ಕೊತ್ತಂಬರಿ ಸೋಸುತ್ತಿದ್ದರು.

"ಅಮ್ಮಾ... ಯಾಕೆ ಒತ್ತುತ್ತೀರಿ?"

"ಮತ್ತೆ? ಹೆತ್ತ ಮಕ್ಕಳ ಅಂಗಡಿ. ನಾವೇ ಒತ್ತದಿದ್ರೆ ಹೊರಗಿನವರು ಒತ್ತುತಾರೇನಪ್ಪ? ಅವರಪ್ಪನ ಹೆಸರು ಎಲ್ಲರಿಗಿಂತ ಮೇಲೆ ಕಾಣತ್ತೆ. ನೋಡಿದ್ರೆ ಹೊಟ್ಟೆ ತುಂಬತ್ತೆ."

ಅಕ್ಕ ಹಣೆ ಚಚ್ಚಿಕೊಂಡಳು. ತಮ್ಮ ನಕ್ಕ. ಅಕ್ಕ ಅವನತ್ತ ತಿರುಗಿದಳು. ನಗು ಅಲ್ಲೇ ಸತ್ತಿತು.

ತೀರ್ಪು ಕೊಡುವುದು ನನ್ನ ಪಾಲಿಗೆ ಬಂತು. ಕೊಟ್ಟೆ.

"ಬಾಗಿಲ ಹೊರಗೆ ಸಿಕ್ಕಿಕೊಂಡವನಿಗೆ ಪುರುಸೊತ್ತಿಲ್ಲ, ಅವನು ಹುಡುಕ್ತಾನೆ. ಆದ್ದರಿಂದ ಹಣ ಸರ್ಚ್‌ಗೆ. ಹೊಸ ಬೀಗ ಬೇಕು ಅನ್ನೋ ಆಸೆ ಇನ್ನೂ ಹುಟ್ಟದವನು ಹುಡುಕೋದೇ ಇಲ್ಲ. ಅವನಿಗೆ ಆಸೆ ಹುಟ್ಟಿಸೋದು ವಿಡಿಯೋ. ಅದು ತಮ್ಮನಿಗೆ, ಸದ್ಯಕ್ಕೆ ಹಣ ಇಲ್ಲದೆ. ಅಮ್ಮಾ, ಸರ್ಚ್‌ನಲ್ಲಿ ಒತ್ತಿದಷ್ಟೂ ಅಂಗಡಿಯವರಿಗೆ ನಷ್ಟ. ನೀವು ಮತ್ತು ನಿಮ್ಮ ಸೈನ್ಯ ವಿಡಿಯೋಗೆ ಹೋಗಿ. ಅಲ್ಲಿ ಹಾರ್ಟು ಎಷ್ಟು ಒತ್ತಿದರೂ ಪುಕ್ಕಟೆ!"

"ಎಷ್ಟು ಬೇಕಾದ್ರೂ?"

"ಬೆರಳು ಸವೆಯೋವರೆಗೆ."

ಮರುದಿನ ಮಧ್ಯಾಹ್ನ ಮತ್ತೆ ಹೋದೆ. ಜಾಹೀರಾತು ಜೀವಂತವಾಗಿತ್ತು. ಅಕ್ಕ ಫೋನಿನ ಮುಂದೆ ಕಲ್ಲಿನಂತೆ ಕುಳಿತಿದ್ದಳು.

ಫೋನು ಬಡಿದುಕೊಂಡಿತು!

"ಹಲೋ... ಹೌದು, ಬೀಗದಂಗಡಿ. ಎಲ್ಲಿದೀರಿ? ಮೆಟ್ಟಿಲ ಮೇಲಾ? ಟವೆಲ್ ಸುತ್ಕೊಂಡಾ?! ಗಟ್ಟಿಯಾಗಿ ಹಿಡ್ಕೊಳ್ಳಿ ಸರ್. ಬೀಗ ಅಲ್ಲ, ಟವೆಲು! ಬಂದೆ!"

ಚೀಲ ಎತ್ತಿಕೊಂಡು ಓಡಿದವಳ ಮುಖ ನೋಡಬೇಕಿತ್ತು ನೀವು. ಮಾಸ್ಟರ್‌ಕೀ ತನ್ನ ಕೀಲಿಗಳನ್ನು ತಾನೇ ಉಜ್ಜಿಕೊಳ್ಳಲಿ.

ಅಮ್ಮ ನನ್ನ ಪಕ್ಕದಲ್ಲಿ ಬಂದು ಕುಳಿತರು. ಕೈಯಲ್ಲಿ ಫೋನು.

"ಒಂದು ಅನುಮಾನ ಕಣಪ್ಪ. ಒತ್ತಿದಷ್ಟೂ ಅಂಗಡಿಯವರಿಗೆ ನಷ್ಟ ಅಂದ್ಯಲ್ಲ..."

"ಹೌದಮ್ಮ."

"ಯಾರ ಅಂಗಡಿ ಆದ್ರೂ?"

"ಯಾರದಾದರೂ."

ಅವರು ಸೆರಗಿನಿಂದ ಕನ್ನಡಕ ಒರೆಸಿದರು. ನಿಧಾನವಾಗಿ ಏರಿಸಿಕೊಂಡರು.

"ನಮ್ಮದರ ಕೆಳಗಡೆ ಇನ್ನೊಂದು ಕಾಣತ್ತಲ್ಲ... ಅದು ಆ ಮಾಸ್ಟರ್‌ಕೀದೇ ಅಲ್ವಾ?"

"ಅಮ್ಮಾ, ಅದು ಅಧರ್ಮ!" ಎಂದೆ.

ಒಂದೇ ಸಲ ಎಂದೆ. ಗಟ್ಟಿಯಾಗಿಯೂ ಅಲ್ಲ.

ಕುಟುಂಬದ ಗ್ರೂಪಿಗೆ ಮೆಸೇಜು ಹೋದ ಸದ್ದು ಕೇಳಿಸಿತು. ನಾನು ಗೋಡೆಯ ಕಡೆಗೆ ತಿರುಗಿ ಕುಳಿತೆ. ಈ ಕಸುಬಿನಲ್ಲಿ ದೀರ್ಘಾಯುಷ್ಯ ಪಡೆದವರಿಗೆಲ್ಲ ಕತ್ತು ಬಹಳ ಸರಾಗವಾಗಿ ತಿರುಗುತ್ತದೆ.