ಮುತ್ಯಾಲಮ್ಮನ ಗತ್ತು

ತೊಂಬತ್ತಾರರ ಬೇಸಿಗೆಯ ಒಂದು ಮಧ್ಯಾಹ್ನ ಆಂಜಿನಪ್ಪ ಮುದ್ದೆಯ ತಟ್ಟೆಯನ್ನು ಅರ್ಧಕ್ಕೇ ಸರಿಸಿಬಿಟ್ಟಾಗ ಅವನ ಹೆಂಡತಿ ಶಶಿರೇಖಾಳ ಎದೆ ಧಗ್ಗೆಂದಿತು. ಇಷ್ಟು ವರ್ಷ ತನ್ನ ಅಡುಗೆ ಸೇರದವಳು ಅತ್ತೆಯೊಬ್ಬಳೇ ಇದ್ದಳು, ಈಗ ಗಂಡನೂ ಸೇರಿಕೊಂಡನೇ! ಅತ್ತೆ ಮುತ್ಯಾಲಮ್ಮ ಒಂದು ದಿನವೂ ಸೊಸೆಯೆದುರು ಕೂತು ಉಂಡವಳಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಗಂಜಿ ಕುಡಿಯುವಳು. ಮಾತಾಡಿಸಿದರೆ ಗದ್ದ ಮೇಲೆತ್ತಿ, ಅರೆಗಣ್ಣಲ್ಲಿ ನೋಡುವಳು. ದೊಡ್ಡಬಳ್ಳಾಪುರದ ಆ ನೇಕಾರರ ಬೀದಿಗೆಲ್ಲ ಅವಳ ಗತ್ತು ಗೊತ್ತಿತ್ತು.

"ನಿಮ್ಮಮ್ಮ ಹೇಳ್ಕೊಟ್ರಾ? ಸಾಕಾಗೋಯ್ತು ನನಗೆ. ಬೇರೆ ಮನೆ ಮಾಡಿ, ಇಲ್ಲಾಂದ್ರೆ ನಾನು ಸೂಲಿಬೆಲೆಗೆ ಅಪ್ಪನ ಮನೆಗೆ ಹೋಗ್ತೀನಿ" ಎಂದಳು.

ಅವನು ಉತ್ತರಿಸಲು ಬಾಯಿ ತೆರೆದರೆ ಬಂದದ್ದು ಕೆಮ್ಮು. ತುತ್ತು ಗಂಟಲಲ್ಲೇ ನಿಂತಿತ್ತು... ಬೆನ್ನು ತಟ್ಟುವಾಗ ಅವಳ ಕೋಪ ಎಲ್ಲಿ ಹೋಯಿತೋ! ಮುದ್ದೆ ನುಂಗಲಾಗದೆ ತಿಂಗಳುಗಳಾದವು, ಮಗ್ಗದ ಮುಂದೆ ಕಡಿದ ಎಳೆ ಹುಡುಕಲೂ ರೆಪ್ಪೆ ಏಳುವುದಿಲ್ಲ ಎಂದು ಅವನು ಆಗ ಒಪ್ಪಿಕೊಂಡ.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ತೊಡೆಯಿಂದ ಮಾಂಸದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ, ಅವನು ತಲೆ ಹಿಂದಕ್ಕೆ ವಾಲಿಸಿ ನೋಡುವುದನ್ನು ಗಮನಿಸಿದ ವೈದ್ಯೆ, ಮನೆಯಲ್ಲಿ ಇನ್ನಾರಾದರೂ ಹೀಗೆ ನೋಡುತ್ತಾರೆಯೇ, ನುಂಗಲು ಕಷ್ಟಪಡುತ್ತಾರೆಯೇ ಎಂದು ಕೇಳಿದರು. ಶಶಿರೇಖಾಳ ಕಣ್ಣಮುಂದೆ ಅತ್ತೆಯ ಎತ್ತಿದ ಗದ್ದ ಬಂತು. ಇದು ವಂಶದಲ್ಲಿ ಇಳಿದು ಬರುವ ಅಪರೂಪದ ಕಾಯಿಲೆ, ನಡುವಯಸ್ಸು ದಾಟುವಾಗ ರೆಪ್ಪೆಯ, ಗಂಟಲಿನ ಶಕ್ತಿ ಉಡುಗುತ್ತದೆ, ಗುಣವಾಗುವ ಮದ್ದಿಲ್ಲ ಎಂದು ವೈದ್ಯೆ ಹೇಳುತ್ತಲೇ ಇದ್ದರು.

ಹಿಂದಿರುಗುವ ಬಸ್ಸಿನಲ್ಲಿ ಅವಳಿಗೆ ನೆನಪಾದದ್ದು ತನ್ನನ್ನು ಮನೆ ತುಂಬಿಸಿಕೊಂಡ ದಿನ. ಆಗಿನ್ನೂ ಪವರ್‌ಲೂಮ್ ಅಬ್ಬರವಿರಲಿಲ್ಲ. ಬೀದಿಯುದ್ದಕ್ಕೂ ಕೈಮಗ್ಗದ ಲಟಪಟ, ಹೊಸ ಸೀರೆಯ ವಾಸನೆ, ಹೊಸ್ತಿಲಲ್ಲಿ ಆರತಿ ಹಿಡಿದ ಅತ್ತೆ. ಎಷ್ಟು ಚೆಂದದ ದಿನ! ಆದರೆ ಗದ್ದವೆತ್ತಿ ಅಳೆಯುವಂತಿದ್ದ ಆ ಒಂದು ನೋಟಕ್ಕೆ ಅವಳು ಕುಗ್ಗಿಹೋಗಿದ್ದಳು. ಆಮೇಲೆ ಅತ್ತೆಯ ಮುಖವನ್ನು ನೆಟ್ಟಗೆ ನೋಡಿದ್ದೇ ಇಲ್ಲ.

ಮನೆಗೆ ಬಂದವಳೇ ಕೋಣೆಯ ಬಾಗಿಲು ತಳ್ಳಿದಳು. ಮುತ್ಯಾಲಮ್ಮ ಮಂಚದ ಮೇಲೆ ಕೂತು, ಎದೆಗೆ ಟವೆಲು ಹೊದ್ದು, ಗುಟುಕು ಗುಟುಕಾಗಿ ಗಂಜಿಯೊಡನೆ ಹೋರಾಡುತ್ತಿದ್ದಳು.

"ಯಾಕತ್ತೆ ಹೇಳ್ಲಿಲ್ಲ?"

"ನಮ್ಮಪ್ಪನೂ ಹಿಂಗೇ ಗಂಟಲು ಕಟ್ಟಿ ಹೋದ. ಕಾಯಿಲೆ ಮನೆ ಅಂದ್ರೆ ನನ್ನ ಹೆಣ್ಮಕ್ಕಳನ್ನ ಯಾರು ತಗೊಳ್ತಿದ್ರು? ಜಂಬದೋಳು ಅಂದ್ಕೊಳ್ಳಲಿ ಅಂತ ಬಿಟ್ಟೆ." ಬಾಗಿಲಲ್ಲಿ ನಿಂತ ಮಗನ ಕಡೆ ತಿರುಗಿದಾಗ ಮುದುಕಿಯ ದನಿ ಒಡೆಯಿತು. "ಅವನಿಗೂ ಕೊಟ್ಬಿಟ್ಟೆನಲ್ಲಮ್ಮಾ..."

ಶಶಿರೇಖಾ ಟವೆಲಿನ ಅಂಚಿನಿಂದ ಅತ್ತೆಯ ಬಾಯಿ ಒರೆಸಿದಳು. ಆದರೂ ಇಷ್ಟು ವರ್ಷ ಚುಚ್ಚಿದ್ದನ್ನು ಕೇಳದೆ ಇರಲಾಗಲಿಲ್ಲ. "ನನ್ನನ್ನ ಮನೆ ತುಂಬಿಸ್ಕೊಂಡ ದಿನ ಹಂಗೆ ನೋಡಿದ್ರಲ್ಲತ್ತೆ?"

"ಆಗ್ಲೇ ರೆಪ್ಪೆ ಬೀಳ್ತಿತ್ತು ಕಣಮ್ಮಾ. ಸೊಸೆ ಮುಖ ಸರಿಯಾಗಿ ನೋಡ್ಬೇಕು ಅಂತ ತಲೆ ಎತ್ತಿದೆ... ನೀನು ತಲೆ ತಗ್ಗಿಸ್ಬಿಟ್ಟೆ."

ಆ ದಿನ ಒಲೆಯ ಮೇಲೆ ಮುದ್ದೆ ಇರಲಿಲ್ಲ, ಮೂವರಿಗೂ ಗಂಜಿ. ಬೇರೆ ಮನೆಯ ಮಾತು ಯಾರೂ ಎತ್ತಲಿಲ್ಲ. ಶಶಿರೇಖಾ ತನ್ನ ಲೋಟ ಹಿಡಿದು ಅತ್ತೆಯ ಮಂಚದ ಪಕ್ಕ ನೆಲದ ಮೇಲೆ, ಅವಳ ಮೊಣಕಾಲಿನ ಹತ್ತಿರ ಕೂತಳು. ಅಲ್ಲಿ ಕೂತರೆ ಅವಳನ್ನು ನೋಡಲು ಮುತ್ಯಾಲಮ್ಮ ತಲೆ ಎತ್ತಬೇಕಾಗಿರಲಿಲ್ಲ.