ವಾರ್ಡಲ್ ಮನೆಯ ಕಾಗದ

ಜೂನ್ 24, ಬುಧವಾರ. ಬೆಳಿಗ್ಗೆ 9 ಗಂಟೆ 10 ನಿಮಿಷಕ್ಕೆ ವೆಸ್ಟರ್‌ಬೈ ಠಾಣೆಗೆ ಬಂದ ಮಾರ್ಗೆರಿಟ್ ಹಾಬ್ಸ್ ಕುರ್ಚಿ ಹಾಕಿಕೊಟ್ಟರೂ ಕೂರಲಿಲ್ಲ. ನಿಂತೇ ದೂರು ಹೇಳಿದರು. ಆಕೆ ವಾರ್ಡಲ್ ಮನೆ ವಸ್ತುಸಂಗ್ರಹಾಲಯದ ಮೇಲ್ವಿಚಾರಕಿ. ದೂರು ಬರೆದುಕೊಂಡವಳು ಡಿಟೆಕ್ಟಿವ್ ಸಾರ್ಜೆಂಟ್ ಲೊರೇನ್ ಪೆಟ್ರಾಕಿಸ್.

"ಒಂದು ಕಾಗದ ಕಳುವಾಗಿದೆ ಸಾರ್ಜೆಂಟ್. ಒಂದೇ ಹಾಳೆ."

"ಯಾರು ಬರೆದಿದ್ದು?"

"ಎಲಿಫಲೆಟ್ ವಾರ್ಡಲ್. ಸಾವಿರದ ಏಳುನೂರ ಎಪ್ಪತ್ತಾರನೇ ಇಸವಿ, ಅಕ್ಟೋಬರ್ ತಿಂಗಳು."

ಆ ಹೆಸರು ಗೊತ್ತಿಲ್ಲದವರು ವೆಸ್ಟರ್‌ಬೈಯಲ್ಲಿ ಇರಲಿಲ್ಲ. ಡೆಲವೇರ್ ತನ್ನ ಮೊದಲ ಸಂವಿಧಾನ ಬರೆದುಕೊಳ್ಳಲು ಕೂಡಿದ ಸಭೆಯಲ್ಲಿ ಈ ಊರಿನಿಂದ ಹೋಗಿ ಕೂತವನು ವಾರ್ಡಲ್. ಚೌಕದಲ್ಲಿ ಅವನ ಕಂಚಿನ ಪ್ರತಿಮೆ ಇದೆ. ಸ್ವಾತಂತ್ರ್ಯದ ಘೋಷಣೆ ಊರಿಗೆ ತಲುಪಿದ ದಿನವೇ ತನ್ನ ಗುಲಾಮ, ಕಮ್ಮಾರ ಪ್ರೈಮಸ್‌ನನ್ನು ಅಂಗಳಕ್ಕೆ ಕರೆದು ಬಿಡುಗಡೆ ಪತ್ರ ಓದಿ ಹೇಳಿದನೆಂಬ ಕತೆಯನ್ನು ಇಲ್ಲಿಯ ಮಕ್ಕಳು ನಾಲ್ಕನೇ ತರಗತಿಯಲ್ಲೇ ಕಲಿಯುತ್ತಾರೆ. ಆ ಪತ್ರದ ಕರಡು ಇಂದಿಗೂ ಮನೆಯ ಗಾಜಿನ ಪೆಟ್ಟಿಗೆಯಲ್ಲಿದೆ.

"ಈ ಕಾಗದದಲ್ಲಿ ಅಂಥಾದ್ದೇನಿತ್ತು?"

ಮಾರ್ಗೆರಿಟ್ ಆಗ ಕೂತರು. "ಕಳೆದ ತಿಂಗಳು ದಕ್ಷಿಣದ ಚಾರ್ಲ್ಸ್‌ಟನ್ನಿನ ಒಂದು ಕುಟುಂಬದವರು ಹಳೇ ಪೆಟ್ಟಿಗೆ ಖಾಲಿ ಮಾಡುವಾಗ ಸಿಕ್ಕಿದ್ದು. ನಮಗೆ ದಾನ ಕೊಟ್ರು. ಪ್ರೈಮಸ್‌ಗೆ ಬಿಡುಗಡೆ ಆಗಲೇ ಇಲ್ಲ ಸಾರ್ಜೆಂಟ್. ಮೂರು ತಿಂಗಳಿಗೆ ವಾರ್ಡಲ್ ಅವನನ್ನ ದಕ್ಷಿಣಕ್ಕೆ ಮಾರಿಬಿಟ್ಟಿದಾನೆ. ಇದು ಕೊಂಡವರಿಗೆ ಬರೆದ ಕಾಗದ."

"ಪ್ರತಿ ಇದೆಯಾ? ಫೋಟೋ?"

"ಸ್ಕ್ಯಾನ್ ಮಾಡೋರು ನಾಳೆ ಬರೋದಿತ್ತು. ಜುಲೈ ನಾಲ್ಕಕ್ಕೆ ಪ್ರದರ್ಶನ. ದೇಶಕ್ಕೆ ಇನ್ನೂರೈವತ್ತು ತುಂಬೋ ದಿನ ನಿಜ ಹೇಳೋಣ ಅಂತಿದ್ದೆ. ಈಗ ಕಾಗದ ಇಲ್ಲದೆ ಹೇಳಿದ್ರೆ ಯಾರು ನಂಬ್ತಾರೆ?"

9:35ಕ್ಕೆ ಎಫ್‌ಐಆರ್ ದಾಖಲಾಯಿತು. 10:05ಕ್ಕೆ ಲೊರೇನ್ ಮತ್ತು ಪೇದೆ ಡ್ವೈಟ್ ಮಕಾಲಿ ಸ್ಥಳ ತಲುಪಿದರು.

ಕಾಗದಗಳನ್ನಿಡುವ ಕೋಣೆ ಹಿಂಬದಿಯಲ್ಲಿತ್ತು. ಬೀಗ ಒಡೆದಿರಲಿಲ್ಲ, ಕಿಟಕಿ ಭದ್ರವಾಗಿತ್ತು. ಕೀಲಿಕೈ ಕಚೇರಿಯ ಗೋಡೆಯ ಮೊಳೆಯಲ್ಲಿ ಎಂದಿನಂತೆ ನೇತಾಡುತ್ತಿತ್ತು. ಎರಡನೇ ಖಾನೆಯಲ್ಲಿ ಕ್ರಾಂತಿಕಾಲದ ಒಬ್ಬ ದೊಡ್ಡ ಸೇನಾಪತಿಯ ಸಹಿಯಿದ್ದ ಪತ್ರ ಮುಟ್ಟದೆ ಉಳಿದಿತ್ತು. ಹರಾಜಿಗೆ ಹೋದರೆ ಈ ಮನೆಯನ್ನೇ ಕೊಳ್ಳುವಷ್ಟು ಬೆಲೆ ಬಾಳುವುದು. ಮೂರನೇ ಖಾನೆ ಮಾತ್ರ ಬರಿದು.

"ಮಾರೋನು ಇದನ್ನ ಬಿಟ್ಟು ಅದನ್ನ ತಗೊಂಡು ಹೋಗ್ತಾನಾ ಮೇಡಂ?" ಎಂದ ಡ್ವೈಟ್.

"ಇಲ್ಲ. ಖಾನೆಯ ಅಂಚು ನೋಡು."

ಒಳ ಅಂಚಿನ ಮೇಲೆ ಹೆಬ್ಬೆರಳಗಲ ಕಪ್ಪು ಮಸಿ ಇತ್ತು. ಡ್ವೈಟ್ ಅದನ್ನು ಹತ್ತಿಯಲ್ಲಿ ಒತ್ತಿ ತೆಗೆದು ಲಕೋಟೆಗೆ ಹಾಕಿದ. ತೋಟದ ಮಾಲಿ ಮತ್ತು ಟಿಕೆಟ್ ಕೊಡುವ ಮಹಿಳೆಯ ಸಮ್ಮುಖದಲ್ಲಿ ಪಂಚನಾಮೆ ಬರೆದು ಸಹಿ ಹಾಕಿಸಿದರು.

"ಕಾಗದವನ್ನ ಕೊನೆಗೆ ನೋಡಿದ್ದು ಯಾವಾಗ?"

"ನಿನ್ನೆ ಬೆಳಿಗ್ಗೆ ಹನ್ನೊಂದಕ್ಕೆ," ಎಂದರು ಮಾರ್ಗೆರಿಟ್. "ಇಲ್ಲ ಅಂತ ಗೊತ್ತಾಗಿದ್ದು ಇವತ್ತು ಎಂಟೂ ನಲವತ್ತಕ್ಕೆ."

"ಅದರಲ್ಲಿ ಏನಿದೆ ಅಂತ ಯಾರಿಗೆಲ್ಲ ಗೊತ್ತಿತ್ತು?"

"ನನಗೆ. ಸಮಿತಿ ಅಧ್ಯಕ್ಷರು ಡಾಕ್ಟರ್ ಕ್ಲಿಂಟನ್ ವಾರ್ಡಲ್‌ಗೆ, ಅವರದೇ ವಂಶ ತಾನೇ? ಆಮೇಲೆ ಆರ್ಚಿ ಗ್ಯಾಸ್ಕಿನ್‌ಗೆ. ಸೋಮವಾರ ಅಡುಗೆಮನೇಲಿ ಕೂರಿಸಿಕೊಂಡು ನಾನೇ ಓದಿ ಹೇಳಿದೆ."

ಆರ್ಚಿ ಗ್ಯಾಸ್ಕಿನ್ ಆ ಮನೆಯ ಪ್ರೈಮಸ್. ಶಾಲೆಯ ಬಸ್ಸು ಓಡಿಸುತ್ತಿದ್ದವರು ಇಪ್ಪತ್ತೆರಡು ವರ್ಷಗಳಿಂದ ಕಮ್ಮಾರನ ತೊಗಲು ಮುಂಗವಚ ಕಟ್ಟಿ, ಕುಲುಮೆಯ ಮುಂದೆ ನಿಂತು ಮಕ್ಕಳಿಗೆ ಪ್ರೈಮಸ್‌ನ ಕತೆಯ ಆಟ ಆಡಿ ತೋರಿಸುತ್ತಿದ್ದಾರೆ. ಕೊನೆಯಲ್ಲಿ ಬಿಡುಗಡೆ ಪತ್ರ ಓದಿ, ಸುತ್ತಿಗೆ ಕೆಳಗಿಟ್ಟು, ಅಂಗಳದ ಗೇಟು ದಾಟಿ ಹೊರಗೆ ನಡೆದುಹೋಗುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ.

"ಅವರಿಗೇ ಯಾಕೆ ಮೊದಲು ಹೇಳಿದ್ರಿ?"

"ಬೇರೆಯವರ ಬಾಯಿಂದ ಕೇಳಬಾರದು ಅನ್ನಿಸ್ತು. ಆರ್ಚಿ ಮೇಲೆ ಅನುಮಾನ ಪಡಬೇಡಿ. ಈ ಮನೆಗೆ ಜೀವ ಇರೋದೇ ಅವರಿಂದ."

ಲೊರೇನ್ ಮೂರೂ ಹೆಸರು ಬರೆದುಕೊಂಡಳು. ಮರ್ಯಾದೆ ಹೋಗುವುದು ಯಾರದ್ದೋ ಅವರನ್ನೇ ಮೊದಲು ಕೇಳೋಣ ಎಂದುಕೊಂಡಳು.

11:40. ದಂತವೈದ್ಯ ಕ್ಲಿಂಟನ್ ವಾರ್ಡಲ್ ಮುಖಗವುಸನ್ನು ಗದ್ದಕ್ಕಿಳಿಸಿಕೊಂಡು ಹೊರಗೆ ಬಂದರು.

"ಆ ಕಾಗದ ಹೊರಗೆ ಬಂದ್ರೆ ನಿಮ್ಮ ಮನೆತನಕ್ಕೆ ಕೆಟ್ಟ ಹೆಸರು, ಅಲ್ವಾ?"

"ನಮ್ಮ ಮುತ್ತಾತನ ಮುತ್ತಾತ ಸುಳ್ಳುಗಾರ ಅಂತ ಗೊತ್ತಾದ್ರೆ ನನ್ನ ರೋಗಿಗಳಿಗೆ ಹಲ್ಲುನೋವು ಜಾಸ್ತಿ ಆಗುತ್ತಾ? ಪ್ರದರ್ಶನಕ್ಕಿಡಿ ಅಂತ ಒಪ್ಪಿಗೆ ಕೊಟ್ಟಿದ್ದೇ ನಾನು. ಜನ ಸಾಲು ನಿಂತು ನೋಡ್ತಾರೆ ಬಿಡಿ."

"ನಿನ್ನೆ ಮಧ್ಯಾಹ್ನ ಎಲ್ಲಿದ್ರಿ?"

"ಇಲ್ಲೇ. ಒಂಬತ್ತು ಹಲ್ಲು ಕಿತ್ತೆ. ಕಿತ್ತಿಸಿಕೊಂಡೋರನ್ನೇ ಕೇಳಿ."

ಡ್ವೈಟ್ ಕೇಳಿದ. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ವೈದ್ಯರು ಎಲ್ಲೂ ಹೋಗಿರಲಿಲ್ಲ.

ಮಂಗಳವಾರದ ಭೇಟಿ ಪುಸ್ತಕದಲ್ಲಿ ಮಧ್ಯಾಹ್ನ ಇದ್ದದ್ದು ಬೇಸಿಗೆ ಶಿಬಿರದ ಒಂದು ಮಕ್ಕಳ ಗುಂಪು ಮಾತ್ರ. 2:20ಕ್ಕೆ ಲೊರೇನ್ ಆ ಶಿಬಿರದ ಶಿಕ್ಷಕಿಗೆ ಫೋನ್ ಮಾಡಿದಳು.

"ನಿನ್ನೆ ಅಲ್ಲಿ ಏನಾದ್ರೂ ಬೇರೆ ಥರ ಅನ್ನಿಸ್ತಾ?"

"ಆಟ ಅರ್ಧಕ್ಕೇ ನಿಂತುಹೋಯ್ತು," ಎಂದಳು ಶಿಕ್ಷಕಿ. "ಪ್ರೈಮಸ್ ಗೇಟು ದಾಟಿ ಹೋಗ್ತಾನಲ್ಲ, ಅದೇ ಆಗಲಿಲ್ಲ. ಪತ್ರ ಕೈಗೆತ್ತಿಕೊಂಡ್ರು, ಬಾಯಿ ತೆರೆದ್ರು, ಮಾತೇ ಬರಲಿಲ್ಲ. ಒಬ್ಬ ಹುಡುಗಿ 'ಆಮೇಲೇನಾಯ್ತು?' ಅಂತ ಕೇಳಿದ್ಲು. ಅವರು ಕುಲುಮೆಯ ತಿದಿ ಬಿಟ್ಟು ಸೀದಾ ಮನೆಯೊಳಗೆ ಹೋಗಿಬಿಟ್ರು. ಬೆಂಕಿ ಹಾಗೇ ಉರೀತಿತ್ತು. ಹುಷಾರಿಲ್ಲವೇನೋ ಅಂದುಕೊಂಡ್ವಿ."

"ಆಗ ಎಷ್ಟು ಗಂಟೆ?"

"ಎರಡು ಗಂಟೆ, ಐದು ನಿಮಿಷ ಹೆಚ್ಚುಕಮ್ಮಿ."

3:30ಕ್ಕೆ ಪ್ರಯೋಗಾಲಯದಿಂದ ಬಾಯ್ಮಾತಿನ ವರದಿ ಬಂತು. ಖಾನೆಯ ಅಂಚಿನ ಮಸಿ ಕುಲುಮೆಯ ಇದ್ದಿಲಿನದು. ನ್ಯಾಯಾಧೀಶರಿಂದ ಶೋಧನೆಯ ವಾರಂಟ್ ಪಡೆದು, 4:15ಕ್ಕೆ ಇಬ್ಬರೂ ಆರ್ಚಿ ಗ್ಯಾಸ್ಕಿನ್ ಮನೆಯ ಮುಂದೆ ಇಳಿದರು.

ಅರವತ್ತೇಳರ ಆರ್ಚಿ ಜಗಲಿಯಲ್ಲಿ ಕೂತು ಲೈಮಾ ಅವರೆ ಸುಲಿಯುತ್ತಿದ್ದರು. ಆರಡಿ ಎತ್ತರದ ಕಪ್ಪು ಮನುಷ್ಯ. ಹೆಂಡತಿ ತೀರಿಹೋಗಿ ಆರು ವರ್ಷ.

"ಬಾ ತಾಯಿ ಲೊರೇನ್. ಐಸ್ ಹಾಕಿದ ಟೀ ಇದೆ, ಕುಡೀತೀಯಾ?"

"ಕೆಲಸದ ಮೇಲೆ ಬಂದಿದೀನಿ ಮಿಸ್ಟರ್ ಗ್ಯಾಸ್ಕಿನ್."

"ಗೊತ್ತು. ಬಸ್ಸಲ್ಲೂ ನೀನು ಹಂಗೇ. ಮುಂದಿನ ಸೀಟಲ್ಲಿ ಕೂತು, ಗಲಾಟೆ ಮಾಡಿದೋರ ಹೆಸರು ಬರೀತಿದ್ದೆ." ನಗು ತುಟಿಯಲ್ಲೇ ನಿಂತಿತು. "ಈ ಹುಡುಗನ ಹೆಸರೂ ಬರಿ. ಆ ಬೂಟಲ್ಲಿ ನನ್ನ ಹೂವಿನ ಗಿಡ ತುಳಿದಿದಾನೆ."

ಡ್ವೈಟ್ ಹಿಂದೆ ಸರಿದು ನಿಂತ.

"ಕಾಗದ ಎಲ್ಲಿದೆ?"

"ಮಲಗೋ ಕೋಣೇಲಿ. ಪೆಟ್ಟಿಗೇಲಿ, ರಜಾಯಿ ಕೆಳಗೆ. ಕೈ ತೊಳೆದುಕೊಂಡು ಮುಟ್ಟೋಕೆ ಹೇಳು."

ಪಕ್ಕದ ಮನೆಯವರಿಬ್ಬರನ್ನು ಸಾಕ್ಷಿಗೆ ಕರೆದರು. ಕಾಗದ ಎರಡು ಹೊಸ ಹಾಳೆಗಳ ನಡುವೆ ಸುಕ್ಕಿಲ್ಲದೆ ಮಲಗಿತ್ತು. ಡ್ವೈಟ್ ಜಪ್ತಿ ಪಂಚನಾಮೆ ಬರೆಯುತ್ತಿದ್ದಾಗ ಲೊರೇನ್ ಅದನ್ನು ಓದಿದಳು. ಏಳು ಸಾಲು. ವಯಸ್ಸು ಮೂವತ್ತರ ಆಸುಪಾಸು, ಎತ್ತರ ಐದಡಿ ನಾಲ್ಕಂಗುಲ, ಎಡಹುಬ್ಬಿನ ಮೇಲೆ ಸುಟ್ಟ ಗುರುತು, ಒಳ್ಳೆಯ ಕಮ್ಮಾರ. ಬಿಡುಗಡೆಯ ಮಾತು ಪದೇ ಪದೇ ಎತ್ತುತ್ತಾನೆ, ಕಿವಿಗೊಡಬೇಡಿ. ಕೆಳಗೆ ವಾರ್ಡಲ್‌ನ ಸಹಿ.

ಅವಳು ಜಗಲಿಗೆ ಬಂದು ಆರ್ಚಿಯ ಎದುರು ಕೂತಳು.

"ಕುಲುಮೆ ಉರೀತಿತ್ತಲ್ಲ. ಯಾಕೆ ಸುಡಲಿಲ್ಲ?"

"ಸುಡೋಣ ಅಂತಲೇ ಕುಲುಮೆಗೆ ತಗೊಂಡು ಬಂದೆ. ಅಲ್ಲಿ ನಿಂತು ಇನ್ನೊಂದು ಸಲ ಓದಿದೆ." ಆರ್ಚಿ ಕೈಯಲ್ಲಿದ್ದ ಕಾಯಿಯನ್ನು ಸುಲಿಯದೆ ಬಟ್ಟಲಿಗೆ ಹಾಕಿದರು. "ಇಪ್ಪತ್ತೆರಡು ವರ್ಷ ಅವನ ಬಟ್ಟೆ ತೊಟ್ಟಿದೀನಿ. ಅವನು ನನ್ನ ಗದ್ದಕ್ಕೆ ಬರ್ತಿದ್ದ ಅಂತ ಗೊತ್ತೇ ಇರಲಿಲ್ಲ. ಹುಬ್ಬಿನ ಮೇಲೆ ಸುಟ್ಟ ಗಾಯ. ಕಿಡಿ ಹಾರಿರುತ್ತೆ, ನನಗೂ ಎಷ್ಟು ಸಲ ಹಾರಿದೆ. ಅವನು ಹೆಂಗಿದ್ದ ಅಂತ ಬರೆದಿರೋದು ಇದೊಂದರಲ್ಲೇ. ಹೆಂಗೆ ಸುಡ್ಲಿ ಹೇಳು?"

"ಹಾಗಾದ್ರೆ ಇಟ್ಟುಕೊಂಡು ಏನು ಮಾಡೋರಿದ್ರಿ?"

"ಐದನೇ ತಾರೀಕು ವಾಪಸ್ ತಂದಿಡ್ತಿದ್ದೆ. ದೇವರಾಣೆ."

"ಐದಕ್ಕೇ ಯಾಕೆ?"

"ನಾಲ್ಕಕ್ಕೆ ಆಟ ಇದೆಯಲ್ಲ ತಾಯಿ. ಊರಿಗೆ ಊರೇ ಬಂದಿರುತ್ತೆ. ಕೊನೇ ಸಲ ಅವನನ್ನ ಆ ಗೇಟು ದಾಟಿಸಿ ಕಳಿಸಿಬಿಡೋಣ ಅಂತ. ಆಮೇಲೆ ನಿಜ ಏನಿದೆಯೋ ಅದನ್ನ ಹೇಳಿಕೊಳ್ಳಲಿ."

"ಕಳಿಸೋಕೆ ಆಗ್ತಿತ್ತಾ?" ಎಂದಳು ಲೊರೇನ್. "ನಿನ್ನೆ ಮಕ್ಕಳ ಮುಂದೆ ಆಗಲಿಲ್ಲವಲ್ಲ."

ಆರ್ಚಿ ಎದ್ದು ಅವರೆಯ ಬಟ್ಟಲನ್ನು ಒಳಗೆ ಇಟ್ಟು, ಬಾಗಿಲಿಗೆ ಬೀಗ ಹಾಕಿ, ಎರಡೂ ಕೈ ಮುಂದೆ ಚಾಚಿದರು.

"ಕೈಗೆ ಬೇಡಿ ಬೇಡ," ಎಂದಳು ಲೊರೇನ್.

"ಕಾನೂನು ಇದ್ದ ಹಾಗೆ ಮಾಡು. ನನಗೋಸ್ಕರ ಬೇರೆ ಕಾನೂನು ಮಾಡಬೇಡ."

ಸಂಜೆ 5:05ಕ್ಕೆ ಆರೋಪಿಯನ್ನು ಬಂಧಿಸಲಾಯಿತು. ಕಾಗದ ಆ ರಾತ್ರಿ ಠಾಣೆಯ ಕಬ್ಬಿಣದ ಬೀರುವಿನಲ್ಲಿತ್ತು. ಮರುದಿನ ಬೆಳಿಗ್ಗೆ ನ್ಯಾಯಾಲಯದ ಅನುಮತಿಯ ಮೇಲೆ ಠಾಣೆಯಲ್ಲೇ ಅದರ ಸ್ಕ್ಯಾನ್ ನಡೆಯಿತು. ಜಾಮೀನಿನ ಅರ್ಜಿಯ ಜೊತೆ ಮಾರ್ಗೆರಿಟ್ ಹಾಬ್ಸ್ ಅವರದೂ ಒಂದು ಪತ್ರವಿತ್ತು. ಲೊರೇನ್ ಅದನ್ನು ಓದದೆ ಕಡತಕ್ಕೆ ಸೇರಿಸಿದಳು.

ವರದಿಯಲ್ಲಿ ಅಪರಾಧದ ಕಾರಣ ಬರೆಯುವ ಜಾಗದಲ್ಲಿ ಅವಳು ಮೊದಲು 'ಮಾರುವ ಉದ್ದೇಶವಿರಲಿಲ್ಲ, ನಾಶಪಡಿಸುವ ಉದ್ದೇಶವನ್ನು ಕೈಬಿಡಲಾಗಿದೆ' ಎಂದು ಬರೆದಳು. ಅಷ್ಟೇ ಸಾಕಾಗಿತ್ತು. ಆದರೂ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: 'ಇನ್ನೂರೈವತ್ತು ವರ್ಷಗಳ ಹಿಂದೆ ಮಾರಾಟವಾದ ಒಬ್ಬ ವ್ಯಕ್ತಿಗೆ ಹನ್ನೆರಡು ದಿನಗಳ ಬಿಡುಗಡೆ ಕೊಡಿಸಲು ಆರೋಪಿಯು ಈ ಕೃತ್ಯ ಎಸಗಿದ್ದಾನೆ.'