ಆಲಮೇಲ ದಾಟಿದ ಮೇಲೆ

"ಇನ್ನೊಂದು ಹೆಜ್ಜಿ ಮುಂದ ಬಂದ್ರ ಈ ಪಂಪ್ ನಿಮ್ಮ ತಲೀ ಮ್ಯಾಲ ಬೀಳತೈತಿ, ನೋಡ್ರಿ!"

ಸೈಕಲ್ಲಿಗೆ ಸಿಕ್ಕಿಸಿದ್ದ ಗಾಳಿ ಪಂಪನ್ನು ಕಿತ್ತುಕೊಂಡು ಮೆಹನಾಜ ರಸ್ತೆಯ ನಡುವೆ ನಿಂತುಬಿಟ್ಟಳು. ಇಂಗಳೇಶ್ವರದ ದಾರಿ, ಡಿಸೆಂಬರಿನ ಬೆಳಗಿನ ಆರೂವರೆ. ಎರಡೂ ಕಡೆ ತೊಗರಿ ಹೊಲ, ಮೇಲೆ ತೆಳ್ಳಗಿನ ಮಂಜು. ಕಣ್ಣು ಹಾಯುವಷ್ಟು ದೂರ ಒಂದು ನರಪಿಳ್ಳೆಯೂ ಇಲ್ಲ... ಇಪ್ಪತ್ತು ಮಾರು ಹಿಂದೆ ಸೈಕಲ್ ಹಿಡಿದು ನಿಂತಿದ್ದ ಆ ಒಬ್ಬನನ್ನು ಬಿಟ್ಟು!

ಮಂಕಿ ಕ್ಯಾಪು, ಕುತ್ತಿಗೆಗೆ ಮಫ್ಲರು. ಎರಡು ಕಣ್ಣು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

"ನಾ ಮುಂದ ಬರಂಗಿಲ್ರಿ" ಎಂದ ಅವನು, ನಿಂತಲ್ಲಿಂದಲೇ.

"ಮತ್ತ ಅರ್ಧಾ ತಾಸಿನಿಂದ ನನ್ನ ಬೆನ್ನ ಹತ್ತೀರಲ್ಲ? ನಾ ನಿಂತರ ನಿಲ್ತೀರಿ, ಹೊಂಟರ ಹೊಂಡ್ತೀರಿ!"

"ಅದ ನನ್ನ ಕೆಲಸರಿ."

"ಹುಡುಗ್ಯಾರ ಬೆನ್ನ ಹತ್ತೂದು ಒಂದು ಕೆಲಸಾ?!"

"ಅಲ್ರಿ..." ಅವನು ಕ್ಯಾಪು ತೆಗೆದ. ಕೂದಲೆಲ್ಲ ಎದ್ದು ನಿಂತಿತ್ತು. "ಎಲ್ಲಾರಿಗಿಂತ ಕಡೀಕ ಯಾರ ಇರ್ತಾರ, ಅವರ ಬೆನ್ನ ಹತ್ತೂದು. ನಾನು ಸೈಕಲ್ ಕ್ಲಬ್ಬಿನ ಹಿಂಗಾವಲು. ಯುನೂಸ ಅಂತ ನನ್ನ ಹೆಸರು."

ಮೆಹನಾಜಳ ಕೈಯಲ್ಲಿದ್ದ ಪಂಪು ಮೆಲ್ಲಗೆ ಕೆಳಗಿಳಿಯಿತು. ಆದರೆ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು. ಕಡೀಕ ಇದ್ದವರು! ಅಂದರೆ ತಾನು!

'ಇಲ್ಲೂ ಒಬ್ಬ ಕಾವಲುಗಾರ...' ಎಂದುಕೊಂಡಳು.

ಅವಳ ಸಿಟ್ಟಿಗೆ ಕಾರಣವಿತ್ತು. ಶಾಲೆಗೆ ಹೋಗುವಾಗ ಹಿಂದೆ ಅಬ್ಬಾ, ಕಾಲೇಜಿಗೆ ಹೋಗುವಾಗ ಹಿಂದೆ ಅಣ್ಣ. ಈಗ ಇಪ್ಪತ್ತೇಳು ವರ್ಷ ತುಂಬಿ, ಬಸವನ ಬಾಗೇವಾಡಿಯ ರಕ್ತ ತಪಾಸಣೆ ಲ್ಯಾಬಿನಲ್ಲಿ ಸ್ವಂತ ಕೆಲಸವಿದ್ದರೂ, ಸಂಜೆ ಐದು ನಿಮಿಷ ತಡವಾದರೆ ಅಣ್ಣನ ಮೋಟರ್ ಸೈಕಲ್ ಬಾಗಿಲಲ್ಲಿ ಹಾಜರು. ಬೆನ್ನ ಹಿಂದೆ ಯಾರೂ ಇಲ್ಲದ ಒಂದು ರಸ್ತೆ ಬೇಕಾಗಿತ್ತು ಅವಳಿಗೆ. ಅದಕ್ಕೇ ಹಟ ಮಾಡಿ ಸೈಕಲ್ ಕೊಂಡು, ಈ ಕ್ಲಬ್ಬು ಸೇರಿದ್ದು.

"ಕೇಳ್ರಿ ಯುನೂಸ ಅವರ" ಎಂದಳು, ಪೆಡಲ್ ಮೇಲೆ ಕಾಲಿಡುತ್ತ. "ನನಗ ಕಾವಲು ಅಂದ್ರ ಆಗಂಗಿಲ್ಲ. ಈ ಥಂಡಿ ಮುಗಿಯೂದ್ರಾಗ ನಿಮ್ಮ ಕೈಗೆ ಸಿಗದಂಗ ಮುಂದ ಹೋಗಿ ತೋರಸ್ತೇನಿ!"

"ಹೋಗ್ರಿ" ಎಂದ ಅವನು. "ನನಗೂ ಖುಷಿ ಆಗತೈತಿ."

ಅದೇನು ವ್ಯಂಗ್ಯವೋ, ನಿಜವೋ... ದಾರಿಯುದ್ದಕ್ಕೂ ಯೋಚಿಸಿದರೂ ಅವಳಿಗೆ ತಿಳಿಯಲಿಲ್ಲ.

*

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕು ಊರಿನ ಹದಿನೆಂಟು ಮಂದಿ ಸೇರಿ ಕಟ್ಟಿಕೊಂಡ ಬಳಗ ಅದು. ಥಂಡಿಯ ದಿನಗಳಲ್ಲಿ ಭಾನುವಾರಕ್ಕೊಂದು ಸವಾರಿ. ಕೊನೆಗೆ ಜನವರಿಯಲ್ಲಿ ನಾಲ್ಕೂ ಊರು ಸುತ್ತಿ ಬರುವ ಎರಡು ದಿನದ ದೊಡ್ಡ ಸುತ್ತು. ಹಿಂದೆ ಜೀಪಿಲ್ಲ, ಟೆಂಪೋ ಇಲ್ಲ. ಇದ್ದರೆ ಹಿಂಗಾವಲು ಒಬ್ಬನೇ.

"ಗಾಡಿ ಇಟಗೊಂಡು ಯಾರಾದರೂ ಸುತ್ತತಾರ. ಗಾಡಿ ಇಲ್ದ ಸುತ್ತಿದ್ರ ಅದು ನಮ್ಮ ಬಳಗ!" ಎಂದು ಎದೆಯುಬ್ಬಿಸಿ ಹೇಳುತ್ತಿದ್ದವರು ಮುಂದಾಳು ಭುವನೇಶ್ವರಿ ಅಕ್ಕ. ಹೊಲ ಅಳೆಯುವ ಸರ್ವೇಯರು. ಆ ಕಡೆಯ ಒಂದೊಂದು ರಸ್ತೆಯೂ ಅವರಿಗೆ ಅಂಗೈಯಷ್ಟು ಪರಿಚಯ.

ಮೆಹನಾಜ ಮಾತು ಉಳಿಸಿಕೊಂಡಳು. ಎರಡನೇ ಭಾನುವಾರ ಕೊನೆಯಿಂದ ಮೂರನೆಯವಳು. ನಾಲ್ಕನೇ ಭಾನುವಾರ ನಡುವೆ! ಈಗ ಕೊನೆಯವರೆಂದರೆ ನಿವೃತ್ತ ಕನ್ನಡ ಶಿಕ್ಷಕ ರೇವಣಪ್ಪ ಮಾಸ್ತರರು. ವಯಸ್ಸು ಅರವತ್ತೈದು. ಹೊಲದಲ್ಲಿ ಯಾರು ಕಂಡರೂ ಇಳಿದು ಮಾತಾಡಿಸದೆ ಮುಂದೆ ಹೋದವರಲ್ಲ. ಅವರ ಹಿಂದೆ, ಒಂದು ಸಲವೂ ಬೇಸರಿಸದೆ, ಯುನೂಸ.

ಬೆನ್ನ ಹಿಂದೆ ಅವನಿಲ್ಲ. ಇದೇ ತಾನೆ ಅವಳಿಗೆ ಬೇಕಾಗಿದ್ದು?

ಹಾಗಾದರೆ ತಿರುವು ಬಂದಾಗಲೆಲ್ಲ ಅವಳ ಕತ್ತು ಯಾಕೆ ಹಿಂದೆ ಹೊರಳುತ್ತಿತ್ತು? ಕೇಳಬೇಡಿ. ಅವಳೂ ತನ್ನನ್ನು ಕೇಳಿಕೊಂಡಿರಲಿಲ್ಲ.

ಕೊಲ್ಹಾರದ ಸೇತುವೆಯ ಮೇಲೆ ಅವಳ ಚೈನ್ ಬಿದ್ದಿತು. ಎಲ್ಲರೂ ಮುಂದೆ ಹೋದರು. ಯುನೂಸ ಬಂದ. ಕೆಳಗೆ ಹಿನ್ನೀರು ಹರವಿಕೊಂಡಿತ್ತು, ಮೀನಿನ ದೋಣಿಗಳು ತೇಲುತ್ತಿದ್ದವು. ಅವನು ಕೈ ಹಚ್ಚುತ್ತಾನೆಂದು ಅವಳು ಸರಿದು ನಿಂತರೆ, ಅವನು ಸೈಕಲ್ ಹಿಡಿದು ನಿಂತ, ಅಷ್ಟೆ.

"ನೀವ ಹಾಕ್ರಿ. ನಾ ಹೇಳತೇನಿ."

"ಕೈ ಹೊಲಸಾಗತೈತಿ..."

"ಆಗ್ಲಿ. ಒಂದು ಸಲ ಕಲ್ತರ ಯಾರ ದಾರೀನೂ ಕಾಯಬೇಕಿಲ್ಲ ನೋಡ್ರಿ."

ಮೋಟಾರ್ ವೈಂಡಿಂಗ್ ಅಂಗಡಿಯವನು ಅವನು. ದಿನವಿಡೀ ಸುಟ್ಟ ಪಂಪ್‌ಸೆಟ್‌ಗಳ ಒಳಗೆ ತಾಮ್ರದ ತಂತಿ ಸುತ್ತುವ ಕೈ. ಆ ಕೈ ಅವತ್ತು ಅವಳ ಚೈನ್ ಮುಟ್ಟಲಿಲ್ಲ. ಅವಳೇ ಹಾಕಿದಳು! ಹತ್ತೂ ಬೆರಳು ಕರ್ರಗೆ ಮಾಡಿಕೊಂಡು ನಕ್ಕಾಗ, ಅವನೂ ನಕ್ಕ.

ಹುಟ್ಟಿದಾಗಿನಿಂದ ಎಲ್ಲರೂ ಅವಳನ್ನು ಕಾಯ್ದವರೇ. ಕಲಿಸಿದವನು ಇವನೊಬ್ಬ.

ಅವತ್ತು ರಾತ್ರಿ ಸೋಪು ಹಚ್ಚಿ ಎಷ್ಟು ತಿಕ್ಕಿದರೂ ಬೆರಳಿನ ಕಪ್ಪು ಪೂರ್ತಿ ಹೋಗಲಿಲ್ಲ. ಹೋಗುವುದು ಅವಳಿಗೂ ಬೇಕಿರಲಿಲ್ಲ.

*

ಜನವರಿಯ ದೊಡ್ಡ ಸುತ್ತು. ಮೊದಲ ದಿನ ಮುದ್ದೇಬಿಹಾಳದಲ್ಲಿ ಮಂಡಕ್ಕಿಯ ಗಿರಮಿಟ್ಟು ತಿನ್ನುವಾಗ ಮೆಹನಾಜ ಧೈರ್ಯ ಮಾಡಿದಳು.

"ಯುನೂಸ... ನಾಳೆ ಆಲಮೇಲ ದಾಟಿದ ಮ್ಯಾಲ ನಿಮಗೊಂದು ಮಾತು ಹೇಳೂದೈತಿ."

ಅವನ ಕೈಯಲ್ಲಿದ್ದ ಮೆಣಸಿನಕಾಯಿ ಕೈಯಲ್ಲೇ ಉಳಿಯಿತು.

"ಈಗ ಹೇಳ್ರಿ?"

"ಇಲ್ಲ. ಅಲ್ಲಿ ರಸ್ತೆ ಸಪಾಟ ಐತಂತ. ದಮ್ಮು ಹತ್ತೂದಿಲ್ಲ."

ಅವನು ತಲೆಯಾಡಿಸಿದ. ಮುಖ ಕೆಂಪಗಾಗಿತ್ತು. ಮೆಣಸಿನಕಾಯಿಯ ಖಾರವಂತೂ ಅಲ್ಲ, ಅದನ್ನು ಅವನು ಕಚ್ಚಿಯೇ ಇರಲಿಲ್ಲ!

ಮರುದಿನ, ರಾತ್ರಿ ತಂಗಿದ್ದ ಸಿಂದಗಿ ಬಿಟ್ಟು ಆಲಮೇಲ ದಾಟಿದರು. ಕಬ್ಬಿನ ಹೊಲಗಳು, ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರುಗಳು. ಮೂಡಣ ಗಾಳಿ ಬೆನ್ನಿಗೆ ಬಡಿದು ಸೈಕಲ್ಲನ್ನು ತಾನೇ ದೂಡುತ್ತಿತ್ತು. ಮೆಹನಾಜ ಬೇಕೆಂದೇ ನಿಧಾನ ಮಾಡಿದಳು. ಎಲ್ಲರನ್ನೂ ಮುಂದೆ ಬಿಟ್ಟಳು. ಹಿಂದೆ ಉಳಿದವರು ಮಾಸ್ತರರು, ಅವರ ಹಿಂದೆ ಯುನೂಸ.

ಹಿಂದಿನಿಂದ ಟೈರಿನ ಸದ್ದು ಹತ್ತಿರ ಬಂತು. ಎದೆ ಢವಢವ... 'ಬಂದ!'

ಯುನೂಸ ಪಕ್ಕಕ್ಕೆ ಬಂದ. ಅವಳನ್ನೊಮ್ಮೆ ನೋಡಿದ. ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ. ಆಮೇಲೆ...

ಟ್ರಿಣ್! ಟ್ರಿಣ್! ಟ್ರಿಣ್!

ಮೂರು ಸಲ ಬೆಲ್ ಹೊಡೆದು, ಅವಳನ್ನು ಹಿಂದೆ ಹಾಕಿ, ತಿರುಗಿ ನೋಡದೆ ಹೊರಟೇಹೋದ!

ಮೆಹನಾಜಳಿಗೆ ಕಣ್ಣು ಕತ್ತಲಿಟ್ಟಂತಾಯಿತು. ಮಾತು ಹೇಳುತ್ತೇನೆ ಎಂದಿದ್ದಳು. ಕೇಳಲು ಕೂಡ ಅವನು ನಿಲ್ಲಲಿಲ್ಲ. ಅಡ್ಡ ಬಂದ ದನಕ್ಕೆ ಹೊಡೆದ ಹಾಗೆ ಬೆಲ್ ಹೊಡೆದು, ದಾರಿ ಬಿಡು ಅಂದುಬಿಟ್ಟ!

'ನನ್ನ ಮಾತು ಏನಂತ ಗೊತ್ತಾಗೇ ಹಿಂಗ ಮಾಡಿದ. ಬ್ಯಾಡ ಅನ್ನಾಕ ಬಾಯಿ ಇರಲಿಲ್ಲೇನು ಇಂವಗ?'

ಕಣ್ಣೀರು ಬಂತು. ಅದರ ಹಿಂದೆಯೇ ರೋಷ ಬಂತು. ಹ್ಯಾಂಡಲ್ ಬಿಗಿ ಹಿಡಿದಳು. ತುಳಿದಳು... ಬೆನ್ನಿನ ಗಾಳಿಯನ್ನೆಲ್ಲ ಬಳಸಿಕೊಂಡು ತುಳಿದಳು. ಒಬ್ಬರು, ಇಬ್ಬರು, ಐವರು, ಟ್ರ್ಯಾಕ್ಟರಿನ ಮರೆಯಲ್ಲಿ ಅವನಿಗೆ ಕಾಣದಂತೆ ಯುನೂಸ... ಎಲ್ಲರನ್ನೂ ದಾಟಿ, ಇಂಡಿಗಿಂತ ಈಚೆಗಿನ ಚಹಾದ ಅಂಗಡಿಗೆ ಎಲ್ಲರಿಗಿಂತ ಮೊದಲು ಮುಟ್ಟಿದಳು. ಎಲ್ಲರಿಗಿಂತ ಮೊದಲು!

ಯುನೂಸ ಬಂದಾಗ ಅವಳು ತಲೆ ಎತ್ತಿ ನಿಂತಿದ್ದಳು.

"ಹೆಂಗ? ಈಗ ಹೇಳ್ರಿ, ಯಾರು ಹಿಂದ?"

ಯುನೂಸನ ಮುಖದಲ್ಲಿ ಬಣ್ಣವೇ ಇರಲಿಲ್ಲ. ಅವನು ಅವಳನ್ನಲ್ಲ, ಅವಳು ಬಂದ ರಸ್ತೆಯನ್ನು ನೋಡುತ್ತಿದ್ದ.

"ಮಾಸ್ತರು ಎಲ್ಲಿ?"

"ನನಗೇನ ಗೊತ್ತು? ಅವರ ಹಿಂದ ಇರೂದು ನಿಮ್ಮ ಕೆಲಸ!"

ಭುವನೇಶ್ವರಿ ಅಕ್ಕ ಚಹಾದ ಕಪ್ಪು ಕೆಳಗಿಟ್ಟರು.

"ಮೆಹನಾಜ... ಅಂವ ನಿನಗ ಮೂರು ಬೆಲ್ ಹೊಡೆದದ್ದು ನಾವೆಲ್ಲಾ ಕೇಳೇವಿ. ಮೂರು ಬೆಲ್ ಅಂದ್ರ ನನ್ನ ಕೆಲಸ ಇನ್ನ ನಿನ್ನದು ಅಂತ. ಕೇಳಿದವರು ನಿಲ್ಲಬೇಕು, ಎಲ್ಲಾರನ್ನೂ ಮುಂದ ಬಿಡಬೇಕು, ಕಡೀಕ ತಾವು ಬರಬೇಕು. ಇದು ಬಳಗದ ರೂಢಿ. ನಿನಗ ಯಾರೂ ಹೇಳಿಲ್ಲೇನವಾ?"

ಯಾರೂ ಹೇಳಿರಲಿಲ್ಲ. ಹಳಬರಿಗೆ ಅದು ಹೇಳುವ ಮಾತೇ ಅಲ್ಲ.

ಮೆಹನಾಜ ಕಲ್ಲಿನಂತೆ ನಿಂತಳು. ಮೈಲುಗಟ್ಟಲೆ ಹಿಂದೆ, ಆ ಟ್ರ್ಯಾಕ್ಟರುಗಳ ನಡುವೆ, ಅರವತ್ತೈದು ವರ್ಷದ ಮಾಸ್ತರರು ಒಬ್ಬರೇ! ಅವರ ಹಿಂದೆ ಯಾರೂ ಇಲ್ಲ.

"ತಪ್ಪು ನಂದು" ಎಂದ ಯುನೂಸ, ಸೈಕಲ್ ತಿರುಗಿಸುತ್ತ. "ಬಾಯಿ ಬಿಟ್ಟು ಹೇಳಬೇಕಿತ್ತು. ನಾ ಹೋಗಿ ನೋಡತೇನಿ."

"ನಿಲ್ರಿ!"

ಎಲ್ಲರೂ ಅವಳ ಕಡೆ ನೋಡಿದರು.

"ಬೆಲ್ ಯಾರಿಗೆ ಹೊಡೆದ್ರಿ?"

"...ನಿಮಗ."

"ಅಂದ್ರ ಹಿಂಗಾವಲು ಯಾರು?"

ಅವನು ಉತ್ತರಿಸುವ ಮೊದಲೇ ಅವಳು ಸೈಕಲ್ ಹತ್ತಿದ್ದಳು.

"ಗಾಳಿ ಎದುರಿಗೈತಿ ಮೆಹನಾಜ!" ಎಂದು ಅಕ್ಕ ಕೂಗಿದರು. ಯುನೂಸ ಮಾತ್ರ ಕೂಗಲಿಲ್ಲ. ಹಿಂದೆ ಬರಲೂ ಇಲ್ಲ. ತನ್ನ ಉಪಕರಣಗಳ ಚೀಲವನ್ನು ಬಿಚ್ಚಿ ಅವಳ ಕೈಗೆ ಕೊಟ್ಟು, ಸರಿದು ದಾರಿ ಬಿಟ್ಟ.

*

ಬರುವಾಗ ದೂಡಿದ್ದ ಗಾಳಿ, ಈಗ ಎದೆಗೆ ಕೈಯಿಟ್ಟು ತಡೆಯಿತು. ಒಂದು ಮೈಲಿಗೆ ತೊಡೆ ಉರಿಯಿತು. ಎರಡನೆಯದಕ್ಕೆ ಉಸಿರು ಸಿಗಲಿಲ್ಲ. ಮಾಸ್ತರರ ಫೋನಿಗೆ ಮಾಡೋಣವೆಂದರೆ, ಸವಾರಿಯ ದಿನ ಅದನ್ನು ಅವರು ಮನೆಯಲ್ಲಿ ಬಿಟ್ಟೇ ಬರುವವರು.

'ಯಾ ಅಲ್ಲಾ, ಅವರಿಗೆ ಏನೂ ಆಗಿರಬಾರದು... ನನ್ನ ಸೊಕ್ಕಿಗೆ ಅವರಿಗ್ಯಾಕ ಶಿಕ್ಷಾ?'

ಆರನೇ ಮೈಲಿಯ ಹತ್ತಿರ, ಜಾಲಿ ಮರದ ಕೆಳಗೆ ಮಾಸ್ತರರ ಬಿಳಿ ಟೋಪಿ ಕಂಡಿತು.

ಸೈಕಲ್ ಗಟಾರದಲ್ಲಿ ಬಿದ್ದಿತ್ತು. ಮಾಸ್ತರರು ಕೆತ್ತಿಹೋದ ಮೊಣಕೈಗೆ ಕರವಸ್ತ್ರ ಸುತ್ತಿಕೊಂಡಿದ್ದರು. ಪಕ್ಕದಲ್ಲಿ ಹೊಲದ ಯಜಮಾನ ಮೀರಾಸಾಬ ಕೆಂಡದಲ್ಲಿ ಎಳೆ ಜೋಳದ ತೆನೆ ಸುಟ್ಟು, ತಿಕ್ಕಿ ಕಾಳು ಬಿಡಿಸಿ ಕೊಡುತ್ತಿದ್ದ. ಮಾಸ್ತರರು ಬಾಯಾಡಿಸುತ್ತಿದ್ದರು.

"ಬಾ ತಂಗಿ, ಸೀತನಿ ತಿನ್ನು!" ಎಂದರು.

ಮೆಹನಾಜ ಅವರ ಕಾಲ ಹತ್ತಿರ ಕುಸಿದು ಕೂತು ಬಿಕ್ಕಿದಳು. "ತಪ್ಪಾತ್ರಿ ಮಾಸ್ತರ... ನನಗ ಗೊತ್ತಿರಲಿಲ್ಲ. ನಿಮ್ಮನ್ನ ಬಿಟ್ಟು ಹೋದ್ನಿ..."

"ಟ್ರ್ಯಾಕ್ಟರ್ ಬಂತು, ಸರದೆ, ಬಿದ್ದೆ. ನೀ ಹಿಂದ ಇದ್ರೂ ಬೀಳತಿದ್ನಿ!" ಅವರು ನಕ್ಕರು. ಆಮೇಲೆ ದನಿ ತಗ್ಗಿಸಿದರು. "ಆರು ವರ್ಷ ಆತು, ಆ ಹುಡುಗ ಆ ಬೆಲ್ ಯಾರಿಗೂ ಹೊಡೆದಿರಲಿಲ್ಲ. ನಾ ಎಷ್ಟ ಸಲ ಕೇಳಿದ್ರೂ ನನಗೂ ಕೊಡಲಿಲ್ಲ. ಎಲ್ಲಾರಿಗಿಂತ ಗಟ್ಟಿ ಇದ್ದವರಿಗೆ ಕೊಡೂದು ಅದು. ನಿನಗ ಹೊಡೆದಾಗ ನಾ ಅಂದ್ಕೊಂಡೆ, ಇಕಿ ಬಂದ ಬರ್ತಾಳ ಅಂತ. ಬಂದಿ ನೋಡು!"

ಮೆಹನಾಜ ಕಣ್ಣೊರೆಸಿಕೊಂಡು, ಚೀಲ ಬಿಚ್ಚಿ, ಸಿಕ್ಕಿಕೊಂಡಿದ್ದ ಚೈನ್ ಬಿಡಿಸಿ ಹಾಕಿದಳು. ಹತ್ತೂ ಬೆರಳು ಮತ್ತೆ ಕರ್ರಗಾದವು.

"ನಡೀರಿ ಮಾಸ್ತರ. ನೀವು ಮುಂದ."

ದಾರಿಯಲ್ಲಿ ಅವರು ಮೂರು ಸಲ ಇಳಿದು ಯಾರ್ಯಾರನ್ನೋ ಮಾತಾಡಿಸಿದರು. ಅವಳೂ ಮೂರು ಸಲ ಇಳಿದಳು, ಇಪ್ಪತ್ತು ಮಾರು ಹಿಂದೆ. ಕಾವಲೆಂದರೆ ಹೀಗೂ ಇರುತ್ತದೆಂದು ಅವಳಿಗೆ ಅವತ್ತೇ ಗೊತ್ತಾದದ್ದು.

*

ಚಹಾದ ಅಂಗಡಿಯ ಮುಂದೆ ಹದಿನಾರು ಮಂದಿ ಎದ್ದು ನಿಂತು ಚಪ್ಪಾಳೆ ಹೊಡೆದರು. ಮಾಸ್ತರರು ಮೊದಲು ಬಂದರು, ಮೆಹನಾಜ ಕೊನೆಗೆ. ಕೊನೆಯವಳಾಗಿದ್ದಕ್ಕೆ ಅವಳ ತಲೆ ಎತ್ತರವಾಗಿದ್ದು ಜೀವನದಲ್ಲಿ ಅದೇ ಮೊದಲು. ಅಕ್ಕ ಅವಳ ಬೆನ್ನು ತಟ್ಟಿ, ಮಾಸ್ತರರ ಮೊಣಕೈಗೆ ಔಷಧ ಹಚ್ಚಲು ಕರೆದುಕೊಂಡು ಹೋದರು.

ಯುನೂಸ ಒಂದು ಕಪ್ ಚಹಾ ಹಿಡಿದು ನಿಂತಿದ್ದ.

"ಎರಡು ಸಲ ಆರಿತು. ಇದು ಮೂರನೇದು, ಬಿಸಿ ಐತಿ."

ಅವಳು ತೆಗೆದುಕೊಂಡಳು. "ಯಾಕ ಹೇಳಲಿಲ್ಲ?"

"ಹೇಳಬೇಕಂತ ಸಿಂದಗ್ಯಾಗ ರಾತ್ರಿಯೆಲ್ಲಾ ಬಾಯಿಪಾಠ ಮಾಡಿದ್ದೆ. ನಿಮ್ಮ ಮಕಾ ನೋಡಿದ ಕೂಡ್ಲೆ ಎಲ್ಲಾ ಮರತೆ. ಬೆಲ್ ಒಂದ ನೆನಪುಳೀತು."

"ಇವತ್ತ ಯಾಕ? ನಾ ಮಾತು ಹೇಳತೇನಿ ಅಂದ ದಿನಾನ?"

ಅವನು ನೆಲ ನೋಡಿದ. "ನಿಮಗ ಕಾವಲು ಅಂದ್ರ ಆಗಂಗಿಲ್ಲ ಅಂದಿದ್ರಿ. ಹಿಂಗಾವಲು ಆಗಿ ನಿಮ್ಮ ಮಾತು ಕೇಳಬಾರದು ಅನಿಸ್ತು. ನನ್ನ ಹಂತ್ಯಾಕ ಇದ್ದ ದೊಡ್ಡ ಮರ್ಯಾದಿ ಅದೊಂದ. ಅದನ್ನ ನಿಮಗ ಕೊಟ್ಟು, ಬರೀ ಯುನೂಸ ಆಗಿ ಮುಂದ ನಿಂತು ಕೇಳಬೇಕು ಅಂತ..."

ಮೆಹನಾಜಳ ಕಣ್ಣು ತುಂಬಿ ಬಂತು. ಈ ಸಲ ರೋಷ ಹಿಂದೆ ಬರಲಿಲ್ಲ.

"ಹಂಗಾರ ಕೇಳ್ರಿ" ಎಂದಳು, ತಲೆ ಎತ್ತಿಯೇ. "ನಾನು ನಿಮ್ಮನ್ನ ಇಷ್ಟಪಡತೇನಿ ಯುನೂಸ. ಕೊಲ್ಹಾರದ ಪುಲ್ ಮ್ಯಾಲಿಂದ. ನೀವು ನನ್ನ ಹಿಂದ ಬರೂದು ಬ್ಯಾಡ, ನಾನೂ ನಿಮ್ಮ ಹಿಂದ ಬರಂಗಿಲ್ಲ."

"ಮತ್ತ?"

"ಬಾಜೂಕ ಬರ್ರಿ."

ಅವನು ನಕ್ಕ, ಮುಖದ ತುಂಬ.

"ನಾನೂ..." ಎಂದ. "ಪಂಪ್ ಎತ್ತಿದ್ರಲ್ಲ, ಆ ದಿನದಿಂದ."

ಊರ ಕಡೆ ಹೊರಡಲು ಎಲ್ಲರೂ ಸೈಕಲ್ ಹತ್ತಿದರು. ಮೆಹನಾಜ ಎಲ್ಲರನ್ನೂ ಮುಂದೆ ಬಿಟ್ಟು ನಿಂತಳು. ಪಕ್ಕದಲ್ಲಿ ಯುನೂಸ.

"ಒಂದು ಕೆಲಸ ಉಳೀತು" ಎಂದ ಅವನು, ಮೆಲ್ಲಗೆ. "ನಿಮ್ಮ ಅಬ್ಬಾಗ, ಅಣ್ಣಗ ಹೇಳೋರು ಯಾರು?"

ಮೆಹನಾಜ ಮುಂದಿನ ರಸ್ತೆಯನ್ನು ನೋಡಿದಳು. ಅವನನ್ನು ನೋಡಿದಳು. ತುಟಿಯಂಚಿನಲ್ಲಿ ನಗು ತಡೆಯುತ್ತ, ಕಪ್ಪು ಮೆತ್ತಿದ ಹೆಬ್ಬೆರಳನ್ನು ಹ್ಯಾಂಡಲ್ಲಿನ ಬೆಲ್ ಮೇಲಿಟ್ಟಳು.

ಟ್ರಿಣ್! ಟ್ರಿಣ್! ಟ್ರಿಣ್!

"ಕೇಳಿಸ್ತೇನು?"

"ಕೇಳಿಸ್ತ್ರಿ" ಎಂದ ಯುನೂಸ. "ಶುಕ್ರವಾರ ನಿಮ್ಮ ಮನಿಗೆ ಬರ್ತೇನಿ."